ಸಪನಾಳ ಬದಲಿಗೆ ಅಕ್ಕುತಾಯಿ

ಸಪನಾ ಚೌಕಾಸಿಗೆ ನಿಂತಳೆಂದರೆ ನಿಪಾಣಿ ಸಂತೆಯಲ್ಲಿ ಬದನೆಕಾಯಿ ಮಾರುವವರೂ ಸೋತು ಕೈಮುಗಿಯುತ್ತಿದ್ದರು. ಹೀಗಾಗಿ ತಂಬಾಕಿನ ವಖಾರಿ ಮುಚ್ಚುತ್ತಿದ್ದೇವೆ, ಹೆಂಗಸರು ಒಬ್ಬೊಬ್ಬರಾಗಿ ಬಂದು ಪರಿಹಾರದ ಕಾಗದಕ್ಕೆ ಸಹಿ ಹಾಕಿ ಎಂದು ಮಾಲೀಕರು ಹೇಳಿಕಳಿಸಿದಾಗ ಅವಳೇನೂ ಹೆದರಲಿಲ್ಲ. ಹೆದರಿದವಳು ಅಕ್ಕುತಾಯಿ. ಹಾಗೆ ನೋಡಿದರೆ ವಖಾರಿಯ ಹಾಜರಿಯಲ್ಲಿ ಅಕ್ಕುತಾಯಿಯ ಹೆಸರೇ ಇರಲಿಲ್ಲ.

ಅಕ್ಕುತಾಯಿ ಸಪನಾಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಅವರ ಓಣಿಯಲ್ಲಿ ಬದಲಿ ಹೋಗುವುದನ್ನು ಯಾರೂ ತಪ್ಪೆಂದು ತಿಳಿದವರಲ್ಲ. ಒಬ್ಬಳು ಬಾಣಂತಿಯಾದರೆ ಮನೆಯ ಇನ್ನೊಬ್ಬಳು ಅವಳ ಹೆಸರಿನಲ್ಲೇ ಹೋಗಿ ತಂಬಾಕು ಜರಡಿ ಹಿಡಿಯುವುದು, ಪಗಾರ ಹಂಚಿಕೊಳ್ಳುವುದು. ಕರೆದ ಹೆಸರಿಗೆ ‘ಹಾಂ ರಿ’ ಅಂದರೆ ಮುಗಿಯಿತು. ಮಗ ಸುಧೀರ ಹುಟ್ಟಿದಾಗ ಸಪನಾ ಮನೆಯಲ್ಲಿ ಕೂತಳು. ಕೆಲವು ತಿಂಗಳ ಮಾತಾಗಿದ್ದದ್ದು ಹುಡುಗ ಹೈಸ್ಕೂಲು ಸೇರಿ ಅವಳು ಕೆಲಸಕ್ಕೆ ಮರಳುವವರೆಗೂ ಎಳೆಯಿತು. ಅಷ್ಟೂ ವರ್ಷ ಜರಡಿಯ ಧೂಳು ಕುಡಿದವಳು ಅಕ್ಕುತಾಯಿ. ಈಗ ಮೆಟ್ಟಿಲು ಹತ್ತಿದರೂ ಸಾಕು, ಅವಳಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು.

ಪರಿಹಾರವೆಂದರೆ ಒಂದು ಇಡಿಗಂಟು. ಅದರ ಜೊತೆಗೆ, ಈಗಾಗಲಿ ಮುಂದಾಗಲಿ ಧೂಳಿನ ಕೆಮ್ಮು ಬಂದರೆ ಮಿರಜದ ದವಾಖಾನೆಯಲ್ಲಿ ಪುಕ್ಕಟೆ ಚಿಕಿತ್ಸೆ.

“ರೊಕ್ಕ ಎಷ್ಟರ ಕೊಡ್ಲಿ, ಅದು ನಿಂದ,” ಎಂದಿದ್ದಳು ಅಕ್ಕುತಾಯಿ ವಖಾರಿಗೆ ಬರುವ ದಾರಿಯಲ್ಲಿ. “ದವಾಖಾನಿದ್ದ ಮಾತ್ರ ಬಿಡಬ್ಯಾಡ ಬೇ. ನಿನ್ನ ಹೆಸರಿಲೆ ನಾ ಹೋಗಿ ತೋರಿಸ್ಕೊತೀನಿ. ಹೆಂಗೂ ರೂಢಿ ಐತೆಲ್ಲ.”

ಇಬ್ಬರೂ ನಕ್ಕಿದ್ದರು.

ಮ್ಯಾನೇಜರ್ ಪಾರಿಸ ಸಭ್ಯ ಮನುಷ್ಯ. ಚಹಾ ತರಿಸಿ, ಆಮೇಲೆ ಮೊತ್ತ ಹೇಳಿದ. ಸಪನಾ ಕುರ್ಚಿಯ ತುದಿಗೆ ಸರಿದಳು.

“ಇಷ್ಟರಾಗ ಏನ್ ಬರ್ತೈತ್ರಿ ಸಾಹೇಬ್ರ? ಇಪ್ಪತ್ತ ವರ್ಷಾತು, ಒಂದ ದಿನಾ ಖಾಡಾ ಮಾಡಿಲ್ಲ.”

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಒಂದು ದಿನವೂ ಕೆಲಸ ತಪ್ಪಿಸದೆ ದುಡಿದವಳು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಆದರೆ ಮಾತು ನಾಟಿತು, ಪಾರಿಸ ಮೊತ್ತ ಸ್ವಲ್ಪ ಏರಿಸಿದ. ಇವಳು ಇನ್ನೂ ಜಗ್ಗಿದಳು. ಕೊನೆಗೆ ಅವನು ಪೆನ್ನು ಕೆಳಗಿಟ್ಟ.

“ನೋಡ್ರಿ ಸಪನಾಬಾಯಿ, ಡಾಕ್ಟರ ನಿಮ್ಮನ್ನ ತಪಾಸ ಮಾಡ್ಯಾರ. ಎದಿ ಸ್ವಚ್ಛ ಐತಿ ಅಂದಾರ. ನಿಮಗ್ಯಾಕ ದವಾಖಾನಿ? ಅದನ್ನ ಬಿಟ್ಟಬಿಡ್ರಿ, ಐವತ್ತ ಸಾವಿರ ಜಾಸ್ತಿ ಹಿಡಿತೀನಿ.”

ಎದೆ ಸ್ವಚ್ಛ ಇರದೆ ಏನು, ಧೂಳು ಕುಡಿದದ್ದು ಬೇರೆಯವಳಲ್ಲವೇ!

ಹೊರಗಿನಿಂದ ಕೆಮ್ಮು ಕೇಳಿಸಿತು. ಸಪನಾ ಬಾಗಿಲ ಕಡೆ ನೋಡಲಿಲ್ಲ. ಸುಧೀರನ ಕಾಲೇಜು, ಸೋರುವ ಪತ್ರಾಸಿನ ಸೂರು, ಒಂದು ಎಮ್ಮೆ, ಎಲ್ಲ ಅವಳ ಕಣ್ಣ ಮುಂದೆ ಬಂದವು. ಆಸೆಗೆ ನೆಪ ಹುಡುಕಲು ಎಷ್ಟು ಹೊತ್ತು ಬೇಕು? ಅಕ್ಕನಿಗೆ ಇದರಲ್ಲೇ ಒಂದು ಪಾಲು ಕೊಟ್ಟರಾಯಿತು, ಸರ್ಕಾರಿ ದವಾಖಾನೆ ಇದ್ದೇ ಇದೆ ಎಂದುಕೊಂಡಳು. ಅದು ಸುಳ್ಳೆಂದು ಗೊತ್ತಿದ್ದೇ ಸಹಿ ಹಾಕಿದಳು.

ಅವಳು ಹೊರಗೆ ಬಂದಾಗ ಅಕ್ಕುತಾಯಿ ಎದ್ದು ನಿಂತಳು. ಮೊತ್ತ ಕೇಳಿ ಸಪನಾಳ ಕೆನ್ನೆ ಸವರಿ ನೆಟಿಗೆ ಮುರಿದಳು.

“ಭಲೇ! ಮತ್ತ ದವಾಖಾನಿಗೆ ಯಾವಾಗ ಹೋಗೂದಂತ?”

“ಅದನ್ನ ಬಿಟ್ಟ ಬಂದೆ ಅಕ್ಕಾ.”

ಅಕ್ಕುತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಬೈದಿದ್ದರೆ ಸಪನಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಸಪನಾಳ ಬೆನ್ನ ಮೇಲೆ ಕೈಯಿಟ್ಟಳು.

“ಹೋಗ್ಲಿ ಬಿಡ. ಸಾಹೇಬನ ಮುಂದ ಕುಂತರ ಯಾರಿಗಾದ್ರೂ ಗಡಿಬಿಡಿ ಆಕ್ಕೈತಿ. ನಿನಗ ನೆನಪ ಆಗಿರಾಂಗಿಲ್ಲ.”

ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕುತಾಯಿ ನಂಬುತ್ತಿದ್ದಳು ಕೂಡ. ಸಪನಾಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ನೆನಪಿತ್ತ ಅಕ್ಕಾ,” ಎಂದಳು. “ನೀ ಕೆಮ್ಮೂದು ಒಳಗ ಕೇಳಾಕತ್ತಿತ್ತು. ಕೇಳಕೋಂತನ ಸಹಿ ಮಾಡಿದೆ.”

ಬೆನ್ನ ಮೇಲಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.