ಪಂಪು ಕೆಟ್ಟ ಹತ್ತು ದಿನ

ಹೂವಿಗೆ ಭಾನುವಾರ ಗೊತ್ತಿಲ್ಲ. ಜ್ವರ ಗೊತ್ತಿಲ್ಲ, ನೆಂಟರು ಗೊತ್ತಿಲ್ಲ. ಕುಂಬಳದ ಹೂ ಬೆಳಗಿನ ಜಾವ ಅರಳುತ್ತದೆ, ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ನಾನು ಬಳ್ಳಿಗಳ ನಡುವೆ ಬಗ್ಗಿ, ಗಂಡು ಹೂ ಕಿತ್ತು, ಎಸಳು ಹರಿದು, ಒಳಗಿನ ಹಳದಿ ಪುಡಿಯನ್ನು ಹೆಣ್ಣು ಹೂವಿಗೆ ಸವರಬೇಕು. ಒಂದಾದ ಮೇಲೆ ಒಂದು. ಸವರದೆ ಬಿಟ್ಟರೆ ಹೂವಿನ ಬುಡದಲ್ಲಿರುವ ಗೋಲಿಯಷ್ಟು ಮಿಡಿ ಹಳದಿಯಾಗಿ ಉದುರುತ್ತದೆ. ಎರಡು ವರ್ಷದಿಂದ ನಮ್ಮೂರಿನ ಕುಂಬಳ, ಸೌತೆ, ಕಲ್ಲಂಗಡಿ ಎಲ್ಲದರದ್ದೂ ಇದೇ ಪಾಡು. ಹೂ ಬೇಕಾದಷ್ಟು, ಕಾಯಿ ಮಾತ್ರ ಇಲ್ಲ.

"ನನ್ನ ಸೊಸೆ ದಿನಾ ಬೆಳಿಗ್ಗೆ ನೂರು ಮದುವೆ ಮಾಡಿಸ್ತಾಳೆ," ಎಂದು ಅತ್ತೆ ಬಂದವರ ಮುಂದೆ ನಗೆಯಾಡುತ್ತಿದ್ದರು. "ಹುಟ್ಟೋ ಮಕ್ಕಳು ಮಾತ್ರ ಸೊಟ್ಟ!"

ನಿಜ, ನನ್ನ ಕೈಯಿಂದ ಆದ ಕಾಯಿಗಳಲ್ಲಿ ಅರ್ಧಕ್ಕರ್ಧ ಸೊಟ್ಟ. ಆದರೆ ನನಗೆ ನಗು ಬರುತ್ತಿರಲಿಲ್ಲ. ನನ್ನ ಅಕ್ಕನಿಗೆ ಮದುವೆಯಾದ ಹನ್ನೆರಡು ವರ್ಷಕ್ಕೆ ಮಗು ಹುಟ್ಟಿತ್ತು. ಅವಳೂರಿಗೆ ಬಸ್ಸಿನಲ್ಲಿ ಆರು ಗಂಟೆಯ ದಾರಿ ಅಷ್ಟೆ. ಮಗುವಿಗೆ ಮೂರು ತಿಂಗಳಾದರೂ ನಾನು ಅದರ ಮುಖ ನೋಡಿರಲಿಲ್ಲ. ಅಕ್ಕ ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಖಂಡಿತ ಬರ್ತೀನಿ" ಅನ್ನುತ್ತಿದ್ದೆ. ಕಡೆಗೆ ಅವಳು ಕರೆಯುವುದನ್ನೇ ಬಿಟ್ಟಳು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

"ಒಂದು ವಾರ ಹೋಗಿ ಬರ್ತೀನಿ ರೀ," ಎಂದು ನಮ್ಮ ಯಜಮಾನರನ್ನು ಎಷ್ಟು ಸಲ ಕೇಳಿದೆನೋ.

"ಹೋಗು, ಯಾರು ಬೇಡ ಅಂದ್ರು? ಹೂವಿನ ಗತಿ ಏನು, ಅದನ್ನ ಹೇಳಿ ಹೋಗು."

ಅವರೂ ಸುಮ್ಮನೆ ಕೂರುವವರಲ್ಲ. ಮೂರು ದಿನಕ್ಕೊಮ್ಮೆ ನನಗಿಂತ ಮುಂಚೆ ಎದ್ದು, ಪಂಪು ಬೆನ್ನಿಗೇರಿಸಿ ಹುಳಕ್ಕೆ ಔಷಧಿ ಹೊಡೆಯುತ್ತಿದ್ದರು. ಬೆಳಿಗ್ಗೆ ಗಾಳಿ ಇರುವುದಿಲ್ಲ, ಎಲೆ ತಂಪಾಗಿರುತ್ತದೆ ಎಂಬುದು ಅವರ ಲೆಕ್ಕ. ಅವರ ಹಿಂದೆಯೇ ನಾನು ಹೂವಿಗೆ ಇಳಿಯುತ್ತಿದ್ದೆ. ಔಷಧಿಯ ವಾಸನೆಗೆ ತಲೆ ಸಿಡಿಯುತ್ತಿತ್ತು. ಇಬ್ಬರೂ ದುಡಿದು ಸುಸ್ತಾಗಿ, ಮಧ್ಯಾಹ್ನ ಗೋಡೆಗೊರಗಿ ಕೂತಿರುತ್ತಿದ್ದೆವು.

ಒಂದು ದಿನ ಪಂಪು ಕೆಟ್ಟಿತು. ರಿಪೇರಿಗೆ ನಾನೇ ಒಯ್ದೆ. ನಮ್ಮೂರಿನ ರಿಪೇರಿಯವರನ್ನು ಎಲ್ಲರೂ ವಾಷರಣ್ಣ ಅನ್ನುತ್ತಾರೆ. ಯಾವ ಯಂತ್ರ ತಂದರೂ ಬಿಚ್ಚುವ ಮುಂಚೆಯೇ "ವಾಷರ್ ಹೋಗಿದೆ" ಅನ್ನುವ ಮನುಷ್ಯ. ತಗಡಿನ ಶೆಡ್ಡು, ಸೀಮೆಎಣ್ಣೆ ವಾಸನೆ, ಮೊಳೆಗಳಿಗೆ ತೂಗಿದ ರಬ್ಬರ್ ಬಳೆಗಳು. ಪಂಪಿನ ಮೂತಿ ತಿರುಗಿಸುತ್ತಾ ಕೇಳಿದರು, "ಯಾವಾಗ ಹೊಡೀತೀರಿ ತಂಗಿ?"

"ಬೆಳಿಗ್ಗೆ."

"ಹೂ ಅರಳಿದಾಗಲೇ?"

"ಹೂಂ."

"ಅಯ್ಯೋ, ಶಿವನೇ!" ಎಂದು ನನ್ನ ಕೈ ನೋಡಿದರು. ಉಗುರೆಲ್ಲ ಹಳದಿಯಾಗಿತ್ತು. ಆಮೇಲೆ, "ವಾಷರ್ ಹೋಗಿದೆ. ನಾಡಿದ್ದು ಬಾ," ಅಂದರು.

ನಾಡಿದ್ದು ಹೋದರೆ ವಾಷರ್ ಬಂದಿರಲಿಲ್ಲ. ಆಚೆ ನಾಡಿದ್ದು ಅಂಗಡಿಗೇ ಬೀಗ. ಯಜಮಾನರು ಕೂಗಾಡಿದರು. ಐದನೇ ದಿನ ನನಗೆ ಜ್ವರ ಬಂದು ಮಲಗಿಬಿಟ್ಟೆ. ಅವತ್ತು ಹೂವಿಗೆ ಅವರೇ ಹೋದರು. ಅರ್ಧ ಗಂಟೆಯಲ್ಲಿ ಸೊಂಟ ಹಿಡಿದುಕೊಂಡು ಬಂದು, "ಒಂದು ಸಾಲೂ ಮುಗೀಲಿಲ್ಲ ಕಣೇ," ಅಂದರು.

"ಒಂದು ಸಾಲಿಗೇ ಹೀಗಾ?" ಅತ್ತೆ ಮಗನ ಮುಖ ನೋಡಿದರು. ಆಮೇಲೆ ಅವರು ನೂರು ಮದುವೆಯ ಮಾತು ಎತ್ತಲಿಲ್ಲ. ಯಜಮಾನರೂ ಮತ್ತೆ ಹೂವಿನ ಹತ್ತಿರ ಹೋಗಲಿಲ್ಲ. "ಉದುರಿದ್ರೆ ಉದುರಲಿ, ಕೈ ಚೆಲ್ಲಿದ್ದಾಯ್ತು," ಅಂದರು.

ಹತ್ತನೇ ದಿನ ಎದ್ದು, ಗೋಡೆ ಹಿಡಿದು ಹಿಡಿದು ಹೊರಬಂದು ಹೊಲಕ್ಕೆ ಹೋದೆ. ಉದುರಿದ ಮಿಡಿಗಳನ್ನು ಗುಡಿಸಲು ಬುಟ್ಟಿಯನ್ನೂ ಒಯ್ದಿದ್ದೆ. ಮೊದಲನೇ ಎಲೆ ಎತ್ತಿದೆ. ಮುಷ್ಟಿಯಷ್ಟು ಕಾಯಿ! ತುದಿಯಲ್ಲಿ ಒಣ ಹೂ ಅಂಟಿಕೊಂಡೇ ಇತ್ತು. ಪಕ್ಕದ ಬಳ್ಳಿಯಲ್ಲಿ ಇನ್ನೊಂದು, ಗುಂಡಗೆ, ಸೊಟ್ಟಗಿಲ್ಲದ್ದು. ಐದು ದಿನದಿಂದ ಆ ಹೂಗಳನ್ನು ಯಾರೂ ಮುಟ್ಟಿರಲಿಲ್ಲ. ಹಾಗಾದರೆ ನನ್ನ ಕೆಲಸ ಮಾಡಿದವರು ಯಾರು? ಆಗ ಗುಂಯ್ ಎನ್ನುವ ಸದ್ದು ಕಿವಿಗೆ ಬಿತ್ತು. ನನಗೆ ಅಳು ಬಂತು. ಸಂತೋಷಕ್ಕೋ ಸುಸ್ತಿಗೋ, ಹೇಳಲಾರೆ.

ಯಜಮಾನರನ್ನು ಕೂಗಿದೆ. ಅವರು ಟೀ ಲೋಟ ಹಿಡಿದೇ ಬಂದರು. ಅತ್ತೆಯೂ ಬಂದರು. ಅದೇ ಹೊತ್ತಿಗೆ ವಾಷರಣ್ಣ ಸೈಕಲ್ಲಿಗೆ ಪಂಪು ಕಟ್ಟಿಕೊಂಡು ಬದುವಿನ ಮೇಲೆ ಬಂದಿಳಿದರು.

"ಎಲ್ಲಿ ಸತ್ತಿತ್ತು ಅಣ್ಣಾ ನಿಮ್ಮ ವಾಷರು?"

"ಎರಡನೇ ದಿನಕ್ಕೇ ರೆಡಿ ಇತ್ತು ತಮ್ಮಾ. ಬೇಕಂತಲೇ ಕೊಡಲಿಲ್ಲ."

ಯಜಮಾನರ ಮುಖ ಕೆಂಪಾಯಿತು. "ನಮ್ಮ ಹೊಲದ ಮೇಲೆ ನಿಮ್ಮ ಕಾರುಬಾರೇನು?"

"ಬೈಯಿ, ಬೈಸಿಕೊಳ್ಳೋಕೇ ಬಂದಿದ್ದೀನಿ." ವಾಷರಣ್ಣ ಬದುವಿನ ಮೇಲೆ ಕೂತರು. ಏದುಸಿರು ಬಿಡುತ್ತಿದ್ದರು. "ಇಪ್ಪತ್ತು ವರ್ಷ ಕೂಲಿಗೆ ಔಷಧಿ ಹೊಡೆದವನು ನಾನು. ಹೂ ಅರಳಿದಾಗಲೇ ಹೊಡೆದೆ. ಜೇನುನೊಣ, ದುಂಬಿ ಎಲ್ಲ ಬರೋ ಹೊತ್ತು ಅದೇ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕೂಲಿಯಾಳುಗಳನ್ನ ನಾವೇ ಕೊಂದು, ಆ ಕೆಲಸಕ್ಕೆ ಈ ಹೆಣ್ಣುಮಗಳನ್ನ ಬಗ್ಗಿಸಿದ್ವಲ್ಲ!"

"ನೊಣ ಬಂದು ಏನು ಕಡಿದು ಕಟ್ಟೆ ಹಾಕುತ್ತೆ ಬಿಡಿ."

"ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ. ಆ ಹೆಣ್ಣು ಹೂವಿನ ಮುಂದೆ ಕೂತು ಎಣಿಸು. ಟೀ ಕುಡಿದು ಮುಗಿಸೋವರೆಗೆ ಸಾಕು."

ನಮ್ಮ ಯಜಮಾನರು ಮೊಂಡ ನಿಜ, ಸುಳ್ಳ ಅಲ್ಲ. ಕೂತು ಎಣಿಸಿದರು. ಮೈಗೆಲ್ಲ ಹಳದಿ ಪುಡಿ ಮೆತ್ತಿಕೊಂಡ ಜೇನುನೊಣ ಒಂದು ಬಂತು, ಹೋಯಿತು. ಇನ್ನೊಂದು. ಬೆರಳು ಮಡಚುತ್ತಾ ಮಡಚುತ್ತಾ ಹದಿನಾಲ್ಕಕ್ಕೆ ನಿಲ್ಲಿಸಿದರು. ಟೀ ಆರಿಹೋಗಿತ್ತು.

"ನಿನ್ನ ಹೆಂಡತಿ ಒಂದು ಹೂವಿಗೆ ಎಷ್ಟು ಸಲ ಸವರ್ತಾಳೆ?"

"ಒಂದು ಸಲ."

"ಅದಕ್ಕೇ ಸೊಟ್ಟ. ಪುಡಿ ಸಾಕಷ್ಟು ಬಿದ್ದರೆ ಕಾಯಿ ಗುಂಡಗಾಗುತ್ತೆ."

"ಆದ್ರೆ ಔಷಧಿ ಬಿಟ್ರೆ ಹುಳ ತಿಂದು ತೇಗಲ್ವಾ?" ಅತ್ತೆ ಕೇಳಿದರು.

"ಪೂರ್ತಿ ಬಿಡಿ ಅಂತ ನಾನು ಹೇಳಲ್ಲಮ್ಮ. ಮೊದಲು ಎಲೆ ಮಗುಚಿ ನೋಡಿ, ಹುಳ ಇದ್ರೆ ತಾನೇ ಔಷಧಿ? ಹೊಡೀಲೇಬೇಕು ಅಂದ್ರೆ ಸಂಜೆ, ಹೂ ಮುಚ್ಚಿ ನೊಣ ಗೂಡು ಸೇರಿದ ಮೇಲೆ. ಡಬ್ಬಿ ಮೇಲೆ ಬರೆದಿರೋದನ್ನ ಓದಿಸಿಕೊಳ್ಳಿ. ಕೆಲವು ವಿಷ ಹೂವಲ್ಲಿ ದಿನಗಟ್ಟಲೆ ಉಳಿಯುತ್ತೆ, ಹೂ ಬಿಟ್ಟಾಗ ಅಂಥದ್ದನ್ನ ಮುಟ್ಟಲೇಬೇಡಿ." ಕೂತಿದ್ದ ಬದುವನ್ನೇ ಕೈಯಿಂದ ತಟ್ಟಿದರು. "ಇಲ್ಲಿ ನೋಡಿ, ಒಂದು ಹಸಿರು ಕಡ್ಡಿ ಇಲ್ಲ. ಕುಂಬಳದ ಹೂ ಮುಗಿದ ಮೇಲೆ ಅವು ಏನು ತಿನ್ನಬೇಕು? ಸೂರ್ಯಕಾಂತಿ ಹಾಕಿ, ತುಳಸಿ ಹಾಕಿ, ಕೊತ್ತಂಬರಿ ಹೂ ಬಿಡೋವರೆಗೆ ಬಿಡಿ. ಕಾಡು ಹೂ ಇದ್ರೂ ಇರಲಿ."

"ಬದು ತುಂಬ ಕಳೆ ಬಿಟ್ರೆ ಊರವರು ಸೋಮಾರಿಗಳು ಅಂತಾರೆ," ಅಂದರು ಅತ್ತೆ.

"ಅನ್ನಲಿ ಬಿಡಿ. ನಿಮ್ಮ ಅದೃಷ್ಟ, ಗುಡ್ಡದ ಕಡೆ ಇನ್ನೂ ಎರಡು ಮೂರು ಗೂಡು ಉಳಿದಿವೆ. ಅವೂ ಹೋದ್ರೆ ಯಾವ ಪಂಪು ಕೆಟ್ಟರೂ ನೊಣ ಬರಲ್ಲ."

ಯಜಮಾನರು ಎದ್ದರು. ಸೈಕಲ್ಲಿನಿಂದ ಪಂಪು ಬಿಚ್ಚಿ ನೆಲಕ್ಕಿಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಮೊದಲ ಬಸ್ಸಿಗೆ ಹೊರಡು. ನಿಮ್ಮಕ್ಕನಿಗೆ ನನ್ನದೇ ತಪ್ಪು ಅಂತ ಹೇಳು," ಅಂದರು.

ಹೋದೆ. ಬಾಗಿಲು ತೆಗೆದ ಅಕ್ಕ ಮಗುವನ್ನು ನನ್ನ ತೋಳಿಗೆ ಹಾಕಿದಳು. ಇಬ್ಬರೂ ಅತ್ತೆವು. ಮರುದಿನ ಅಭ್ಯಾಸಬಲದಿಂದ ಬೆಳಗಿನ ಜಾವವೇ ಎಚ್ಚರವಾಗಿ, ಗಾಬರಿಯಿಂದ ಎದ್ದು ಕೂತೆ. ಈಗ ಹೂ ಅರಳಿರುತ್ತದೆ. ಈಗ ಅಲ್ಲಿ ನನ್ನ ಕೆಲಸ ನಡೆಯುತ್ತಿರುತ್ತದೆ. ಹಾಗೆಂದುಕೊಂಡು, ಮಗುವಿನ ಪಕ್ಕದಲ್ಲಿ ಮತ್ತೆ ಮಲಗಿದೆ.

ಈ ಬಾರಿ ಎಲ್ಲ ಹೂವೂ ಕಾಯಿಯಾಯಿತು ಎಂದು ಸುಳ್ಳು ಹೇಳಲಾರೆ. ಕೆಲವು ಉದುರಿದವು, ಹುಳ ಒಂದಿಷ್ಟು ತಿಂದಿತು. ಬದುವಿನ ಹೂಗಿಡಗಳು ಈಗಷ್ಟೇ ಮೊಳಕೆಯೊಡೆದಿವೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹೊಲದಲ್ಲೂ ಮಿಡಿ ಹಳದಿಯಾಗಿ ಉದುರುತ್ತಿದ್ದರೆ, ನಾಳೆ ಬೆಳಿಗ್ಗೆ ಪಂಪು ಹೆಗಲಿಗೇರಿಸುವ ಮುಂಚೆ ಒಂದು ಹೂವಿನ ಮುಂದೆ ಸ್ವಲ್ಪ ಹೊತ್ತು ಕೂತು ಎಣಿಸಿ. ಜೇನುನೊಣ ಬಂದರೂ ಸರಿ, ಬರದಿದ್ದರೂ ಸರಿ, ಪಂಪು ಕೆಳಗಿಡಿ. ಬದುವಿಗೆ ಒಂದು ಹಿಡಿ ಹೂವಿನ ಬೀಜ ಚೆಲ್ಲಿ. ಎರಡು ವರ್ಷ ಜೇನುನೊಣದ ಕೆಲಸವನ್ನು ಕೈಯಲ್ಲಿ ಮಾಡಿದವಳು ಹೇಳುತ್ತಿದ್ದೇನೆ, ಅದು ಮನುಷ್ಯರ ಕೈಲಾಗುವ ಕೆಲಸವಲ್ಲ.