ಶನಿವಾರದ ತಪ್ಪುಗಳು

"ಈ ವಾರ ನನ್ನ ಮೇಲೆ ಏನು ಹಾಕ್ತೀಯೆ?" ಮೆಟ್ಟಿಲ ತಿರುವಿನಲ್ಲಿ ನಿಂತು ಸುನ್‌ಬೊಕ್ ಕೇಳಿದಳು.

"ತಡವಾಗಿ ಬಂದೆ ಅಂತೀನಿ. ನೀನು, ನಾನು ದಾರ ಹಾಳು ಮಾಡ್ದೆ ಅನ್ನು ಅಕ್ಕ," ಎಂದಳು ಮ್ಯೊಂಗ್‌ಹ್ವಾ.

"ಹೋದ ತಿಂಗಳೂ ದಾರವೇ ಆಯ್ತಲ್ಲೇ. ನೀನು ಹಾಳು ಮಾಡಿದ ದಾರದಲ್ಲಿ ಇಡೀ ಚೊಂಗ್‌ಜಿನ್ ಊರಿಗೆ ಕೋಟು ಹೊಲೀಬಹುದಿತ್ತು."

ಮ್ಯೊಂಗ್‌ಹ್ವಾ ನಕ್ಕಳು. ಸುನ್‌ಬೊಕ್ ನಗಲಿಲ್ಲ. ಅವಳ ತಮ್ಮ ಹೋದ ವಾರ ನದಿ ದಾಟಿ ಚೀನಾಕ್ಕೆ ಓಡಿಹೋಗಿದ್ದ. ಗೊತ್ತಾದರೆ ಮುದಿ ತಾಯಿಯಿಂದ ಹಿಡಿದು ಮನೆಮಂದಿಯೆಲ್ಲ ಬೆಟ್ಟದ ಸೆರೆ ಶಿಬಿರಕ್ಕೆ. ಹೊರಗಿನವರಲ್ಲಿ ಅದು ಗೊತ್ತಿದ್ದದ್ದು ಮ್ಯೊಂಗ್‌ಹ್ವಾ ಒಬ್ಬಳಿಗೇ.

ಉತ್ತರ ಕೊರಿಯಾದ ಆ ಹೊಲಿಗೆ ಕಾರ್ಖಾನೆಯಲ್ಲಿ ಪ್ರತಿ ಶನಿವಾರ ಒಬ್ಬೊಬ್ಬಳೂ ಎದ್ದು ತನ್ನದೊಂದು ತಪ್ಪು ಒಪ್ಪಬೇಕು, ಇನ್ನೊಬ್ಬಳದೊಂದನ್ನು ಎತ್ತಿ ತೋರಿಸಬೇಕು. ಪಡಿತರ ಯಾವತ್ತೋ ನಿಂತಿತ್ತು. ಈ ಸಭೆ ಒಂದು ವಾರವೂ ನಿಂತಿರಲಿಲ್ಲ. ಹೆಂಗಸರು ಮೆಟ್ಟಿಲ ಮೇಲೆ ತಪ್ಪುಗಳನ್ನು ಹಂಚಿಕೊಂಡು, ಒಳಗೆ ಹೋಗಿ ಒಬ್ಬರನ್ನೊಬ್ಬರು ಬೈದು, ಹೊರಗೆ ಬಂದು ಖಾರ ಹಚ್ಚಿದ ಕೋಸನ್ನು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು.

ಗೋಡೆಯ ಮೇಲಿನ ನಾಯಕರ ಭಾವಚಿತ್ರಗಳ ಕೆಳಗೆ ಗುಂಪಿನ ಮುಖ್ಯಸ್ಥೆ ರಿಮ್ ಕುಳಿತಿದ್ದಳು. ಮ್ಯೊಂಗ್‌ಹ್ವಾ ಎದ್ದು, "ಸುನ್‌ಬೊಕ್ ಮಂಗಳವಾರ ತಡವಾಗಿ..." ಎನ್ನುವಷ್ಟರಲ್ಲಿ ರಿಮ್ ಕೈ ಎತ್ತಿದಳು.

"ಸಾಕು. ಹೊರಗೆ ಮಾತಾಡ್ಕೊಂಡು ಬಂದು ನನ್ನ ಕಿವಿಗೇ ಹೂ ಇಡ್ತೀರಾ? ಈ ಕಾರ್ಖಾನೆಯವರ ಮನೆಯೊಂದ್ರಲ್ಲಿ ಒಂದು ತಲೆ ಕಮ್ಮಿ ಇದೆ ಅಂತ ಮೇಲಿನವರು ಕೇಳ್ತಿದ್ದಾರೆ. ನಿಜವಾದ ತಪ್ಪು ಹೇಳು ಕಾಮ್ರೇಡ್. ಇಲ್ಲದಿದ್ರೆ ಇಬ್ಬರೂ ಅವರ ಮುಂದೇನೇ ಹೇಳುವಿರಂತೆ."

ಸುನ್‌ಬೊಕ್‌ಳ ಬೆರಳುಗಳು ಏಪ್ರನ್ನಿನ ಅಂಚು ಹಿಂಡತೊಡಗಿದವು. ಏನಾದರೂ ಕೊಡಲೇಬೇಕಿತ್ತು. ರಿಮ್‌ಳ ಹೊಟ್ಟೆ ತುಂಬುವಷ್ಟು ದೊಡ್ಡದು, ಆ ತಮ್ಮನವರೆಗೆ ಹೋಗದಷ್ಟು ಚಿಕ್ಕದು.

"ಇವಳು ಹುಷಾರಿಲ್ಲ ಅಂತ ರಜೆ ಹಾಕಿ ಸಂತೇಲಿ ತೋಫು ಮಾರ್ತಾಳೆ," ಎಂದಳು ಮ್ಯೊಂಗ್‌ಹ್ವಾ.

"ಈಗ ನೀನು," ಎಂದು ರಿಮ್ ಪೆನ್ನು ತಿರುಗಿಸಿದಳು.

ಸುನ್‌ಬೊಕ್ ಎದ್ದಳು. ದಾರದ ಮಾತು ನಾಲಿಗೆಯವರೆಗೂ ಬಂದಂತಿತ್ತು, ನುಂಗಿದಳು.

"ಆ ತೋಫು ಇವಳೂ ತಿಂದಿದ್ದಾಳೆ. ಎರಡು ವರ್ಷದಿಂದ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಲು. ಉಪ್ಪು ಸಾಲದು ಅಂತ ಕೊಂಕು ಬೇರೆ."

ಹಿಂದಿನ ಸಾಲಿನಲ್ಲಿ ನಗುವೊಂದು ಹುಟ್ಟಿ ಅಲ್ಲೇ ಸತ್ತಿತು.

"ನೋಡಿ, ವಿಮರ್ಶೆ ಅಂದ್ರೆ ಇದು!" ರಿಮ್ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು. ಅವರಿಬ್ಬರೂ ತಟ್ಟಿದರು. ಸೋಮವಾರದಿಂದ ಇಬ್ಬರಿಗೂ ರಸ್ತೆಗೆ ಕಲ್ಲು ಹೊರುವ ಶಿಕ್ಷೆ. ತಲೆ ಕಮ್ಮಿಯಾದ ಮನೆಯ ಮಾತು ಮತ್ತೆ ಏಳಲಿಲ್ಲ.

ಮರಳಿ ಬಂದು ಗುಂಡಿ ಹೊಲಿಯಲು ಕುಳಿತರು. ಸುನ್‌ಬೊಕ್‌ಗೆ ಕಣ್ಣು ಮಂದ. ಅವಳ ಸೂಜಿಗೆ ದಾರ ಪೋಣಿಸುತ್ತಿದ್ದವಳು ಯಾವಾಗಲೂ ಮ್ಯೊಂಗ್‌ಹ್ವಾ. ಇಂದೂ ಕೈ ಚಾಚಿದಳು. ಸಾಲಿನ ಹೆಂಗಸರು ತಲೆ ತಗ್ಗಿಸಿಕೊಂಡೇ ನೋಡುತ್ತಿದ್ದರು.

"ಕೈ ತೆಗಿ," ಸುನ್‌ಬೊಕ್ ತುಟಿ ಅಲುಗಿಸದೆ ಹೇಳಿದಳು.

ತಾನೇ ದಾರದ ತುದಿಯನ್ನು ನಾಲಿಗೆಗೆ ಒತ್ತಿ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾರ ಪಕ್ಕಕ್ಕೆ ಜಾರಿತು. ಮತ್ತೆ ಒದ್ದೆ ಮಾಡಿದಳು.