ಹನ್ನೊಂದು ಗಂಟೆಗೆ ಎಷ್ಟು ಮೆಟ್ಟಿಲು

ತೀರಿಹೋದ ಅಪ್ಪನ ಕೊನೆಯ ಸ್ನಾನಕ್ಕೆಂದು ನಾಲ್ಕನೇ ಕೊಡ ತುಂಬುತ್ತಿದ್ದ ಮಂಗಳಗೌರಿ ಬಗ್ಗಿದವಳು ಹಾಗೇ ನಿಂತಳು. ಬೆಳಿಗ್ಗೆ ಆರಕ್ಕೆ ಬಂದಾಗ ಲಕ್ಷ್ಮಣತೀರ್ಥದಲ್ಲಿ ಎರಡೇ ಮೆಟ್ಟಿಲು ಮುಳುಗಿದ್ದವು. ಏಳಕ್ಕೆ ಮೂರು, ಎಂಟಕ್ಕೆ ಆರು. ಈಗ ಒಂಬತ್ತಕ್ಕೆ ಹನ್ನೊಂದು. ೧೯೫೭ರ ಆ ಶ್ರಾವಣದಲ್ಲಿ ಕಟ್ಟೆಮಳಲವಾಡಿಯ ಮೇಲೆ ಮೋಡವೇ ಇರಲಿಲ್ಲ. ಹೊಳೆ ಮಾತ್ರ ಕೊಡಗಿನ ಕೆಂಪು ಮಣ್ಣು ಹೊತ್ತು ಸದ್ದಿಲ್ಲದೆ ಏರುತ್ತಿತ್ತು.

*

ಎರಡು ವರ್ಷದ ಹಿಂದೆ, ಹುಣಸೂರಿನ ಹೈಸ್ಕೂಲಿನಲ್ಲಿ, ಎಫ್(೩) ಎಂದರೆ ಎಫ್ ಅನ್ನು ಮೂರರಿಂದ ಗುಣಿಸುವುದು ಎಂದಿದ್ದಳು. ಕ್ಲಾಸೆಲ್ಲ ನಕ್ಕಿತು. ಪಾಠ ಮಾಡುತ್ತಿದ್ದ ಅಪ್ಪ, ಷಣ್ಮುಖಪ್ಪ ಮೇಷ್ಟರು, ನಗಲಿಲ್ಲ. ಸಂಜೆ ಇದೇ ಮೆಟ್ಟಿಲ ಮೇಲೆ ಕೂರಿಸಿಕೊಂಡರು.

"ಎಫ್ ಅನ್ನೋದು ಸಂಖ್ಯೆ ಅಲ್ಲ ಕಣವ್ವ, ಒಂದು ನಿಯಮದ ಹೆಸರು. ಕಂಸದೊಳಗೆ ಗಂಟೆ ಇಡು. ಮೂರು ಗಂಟೆ ಕಳೆದ ಮೇಲೆ ಎಷ್ಟು ಮೆಟ್ಲು ಮುಳುಗಿರ್ತವೋ, ಅದೇ ಎಫ್(೩)."

"ನಿಯಮ ಗೊತ್ತಿಲ್ದಿದ್ರೆ?"

"ನೋಡ್ತಾ ಇರು. ಹೊಳೆನೇ ಯೋಳ್ತದೆ."

*

ಈಗ, ಆರರಿಂದ ಕಳೆದ ಗಂಟೆಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಎರಡು ಕೂಡಿಸಿದಳು. ನಾಲ್ಕೂ ಸಲ ಸರಿಹೋಯಿತು. ಹಾಗಾದರೆ ಹತ್ತಕ್ಕೆ ಹದಿನೆಂಟು, ಹನ್ನೊಂದಕ್ಕೆ ಇಪ್ಪತ್ತೇಳು. ಅಪ್ಪನಿಗೆ ಗುಣಿ ತೋಡುತ್ತಿದ್ದ ದಡ ಇಪ್ಪತ್ತೈದನೇ ಮೆಟ್ಟಿಲ ಸಮಕ್ಕಿತ್ತು.

"ಚಿಕ್ಕಪ್ಪಾ, ಹನ್ನೊಂದಕ್ಕೆಲ್ಲ ಗುಣಿಗೆ ನೀರು ನುಗ್ತದೆ. ಮೇಲಿನ ಹೊಲದಲ್ಲಿ ತೋಡ್ಸಿ, ಬೇಗ ಮುಗ್ಸಿ."

ಚನ್ನಬಸವಣ್ಣ ತಲೆಯೆತ್ತಲಿಲ್ಲ. "ಹಿರೀಕರೆಲ್ಲ ಮಣ್ಣಾದ ಜಾಗ ಅದು. ಪಿರಿಯಾಪಟ್ಟಣದಿಂದ ನಿಮ್ಮತ್ತೆ ಬಂದು ಮೊಕ ನೋಡ್ಬೇಕು. ಸುಮ್ಕಿರವ್ವ."

"ಹತ್ತಕ್ಕೆ ಸರಿಯಾಗಿ ಹದಿನೆಂಟು ಮೆಟ್ಲು ಮುಳುಗಿದ್ರೆ?"

"ಅವಾಗ ನೋಡಾನ ಬುಡು."

ಹತ್ತಕ್ಕೆ ಅವನೇ ಬಂದು ಎಣಿಸಿದ. ಹದಿನೆಂಟು. ಇನ್ನೊಮ್ಮೆ ಎಣಿಸಿದ. ಅಷ್ಟೇ. ಎದೆಯುದ್ದ ಗುಣಿಯೊಳಗೆ ತೋಡುತ್ತಿದ್ದ ಚಿಕ್ಕಣ್ಣನ ಕಡೆ ತಿರುಗಿ ಕೂಗಿದ, "ಚಿಕ್ಕಣ್ಣಾ! ಮೇಲಕ್ಕತ್ತಲಾ!"

ಹತ್ತು ಜನ ಸೇರಿ ಮೇಲಿನ ಹೊಲದಲ್ಲಿ ತೋಡಿದರು. ಹನ್ನೊಂದು ದಾಟುವಷ್ಟರಲ್ಲಿ ಮೇಷ್ಟರನ್ನು ಕೂರಿಸಿ, ವಿಭೂತಿ ಇಟ್ಟು, ಮಣ್ಣೆಳೆದರು. ಕೆಳಗಿನ ಗುಣಿ ಆಗಲೇ ಕಾಣುತ್ತಿರಲಿಲ್ಲ. ಅತ್ತೆಯ ಬಸ್ಸು ಹೊಳೆಯಾಚೆಯೇ ನಿಂತಿತ್ತು.

"ಹನ್ನೆರಡಕ್ಕೆ ಎಷ್ಟವ್ವ?" ಚನ್ನಬಸವಣ್ಣ ಮೆಲ್ಲಗೆ ಕೇಳಿದ.

"ಮೂವತ್ತೆಂಟು."

"ಮೆಟ್ಲು ಇರೋದೇ ಮೂವತ್ತಲ್ವೇನವ್ವ..."

ಇಬ್ಬರೂ ಮೆಟ್ಟಿಲ ತುದಿಗೇ ಹತ್ತಿಕೊಂಡಿದ್ದ ಕೆಳಗೇರಿಯ ಕಡೆ ನೋಡಿದರು. ಸೂರುಗಳಿಂದ ಅಡುಗೆಯ ಹೊಗೆ ನಿಧಾನವಾಗಿ ಏಳುತ್ತಿತ್ತು.

ಸೂತಕದ ಮೈಯಲ್ಲೇ ಅವಳು ಇಳಿದು ಓಡಿದಳು. ಮೊದಲ ಮನೆಯಲ್ಲಿ ಬಾಣಂತಿ ಭಾಗ್ಯಮ್ಮ ತೊಟ್ಟಿಲು ತೂಗುತ್ತಿದ್ದಳು. ಮಂಗಳಗೌರಿ ಒಳಗೆ ನುಗ್ಗಿ, ಗುಣಿಯ ಮಣ್ಣು ಮೆತ್ತಿದ ಕೈಗಳಿಂದಲೇ ಮಗುವನ್ನು ಎತ್ತಿಕೊಂಡಳು.